ಒಂದೇ ಮೋಟಾರು, ಎರಡು ಯಂತ್ರ: ಬ್ಯಾಂಡ್‌ಸಾ ನಡುಗುವುದೇಕೆ?

ಪ್ರಶ್ನೆ: ದಾವಣಗೆರೆಯ ನಮ್ಮ ಮರಗೆಲಸದ ಶೆಡ್ಡಿನಲ್ಲಿ ರಂದ, ವೃತ್ತ ಗರಗಸ, ಡ್ರಿಲ್ಲಿಂಗ್ ಮೂರನ್ನೂ ಒಂದೇ ಶಾಫ್ಟಿನ ಮೇಲೆ ಮಾಡುವ ಬಹೂಪಯೋಗಿ ಯಂತ್ರವಿದೆ. ಅದರ 3 ಎಚ್‌ಪಿ, 1440 ಆರ್‌ಪಿಎಂ ಮೋಟಾರಿಗೆ 8 ಇಂಚಿನ ಪುಲ್ಲಿ, ಯಂತ್ರದ ಶಾಫ್ಟಿಗೆ 3 ಇಂಚಿನ ಪುಲ್ಲಿ ಇದೆ. ಈಚೆಗೆ 14 ಇಂಚಿನ ಚಕ್ರಗಳ ಹಳೆಯ ಬ್ಯಾಂಡ್‌ಸಾ (ಎರಡು ಚಕ್ರಗಳ ಮೇಲೆ ಓಡುವ ಪಟ್ಟಿ ಗರಗಸ) ಒಂದನ್ನು ಮೋಟಾರಿಲ್ಲದೆ ಕೊಂಡುಕೊಂಡೆವು. ಶಾಫ್ಟಿನ ಹೊರತುದಿಗೆ ಇನ್ನೊಂದು 3 ಇಂಚಿನ ಪುಲ್ಲಿ ಹಾಕಿ, ಅಲ್ಲಿಂದ ಬ್ಯಾಂಡ್‌ಸಾದ 8 ಇಂಚಿನ ಪುಲ್ಲಿಗೆ ಬೆಲ್ಟ್ ಕೊಟ್ಟಿದ್ದೇವೆ. ಚಾಲೂ ಮಾಡಿದರೆ ಮೇಜಿನ ಮೇಲಿಟ್ಟ ಹಲಗೆಯೇ ಕುಣಿಯುತ್ತದೆ. ಬೇರಿಂಗ್ ಬದಲಿಸಿದೆವು, ಹೊಸ ಬ್ಲೇಡ್ ಹಾಕಿದೆವು, ನಡುಕ ಕಡಿಮೆಯಾಗಲಿಲ್ಲ. ದೋಷ ಎಲ್ಲಿದೆ?

ಉತ್ತರ: ನೀವು ಕೊಟ್ಟ ಅಳತೆಗಳಲ್ಲೇ ಅರ್ಧ ಉತ್ತರವಿದೆ. ಮೋಟಾರಿನ 8 ಇಂಚಿನ ಪುಲ್ಲಿಯಿಂದ 3 ಇಂಚಿನ ಪುಲ್ಲಿಗೆ ಬಂದ ವೇಗ ನಿಮಿಷಕ್ಕೆ 3840 ಸುತ್ತು. ರಂದಕ್ಕೆ ಅದು ಸರಿಯಾದ ವೇಗವೇ. ಅಲ್ಲಿಂದ ಮತ್ತೆ 3 ಇಂಚಿನಿಂದ 8 ಇಂಚಿಗೆ ಇಳಿಸಿದಾಗ ನಿಮಗೆ ಸಿಗುವುದು ಪುನಃ 1440 ಸುತ್ತು. ದೊಡ್ಡ ಪುಲ್ಲಿ ಹಾಕಿ ವೇಗ ಇಳಿಸಿದ್ದೇವೆಂದು ನೀವು ಭಾವಿಸಿರಬಹುದು, ಆದರೆ ಬ್ಯಾಂಡ್‌ಸಾದ ಚಕ್ರ ಮೋಟಾರಿನಷ್ಟೇ ವೇಗವಾಗಿ ತಿರುಗುತ್ತಿದೆ. 14 ಇಂಚಿನ ಚಕ್ರದ ಸುತ್ತಳತೆ ಸುಮಾರು 1.12 ಮೀಟರ್ ಆದ್ದರಿಂದ ಬ್ಲೇಡ್ ನಿಮಿಷಕ್ಕೆ 1600 ಮೀಟರ್ ಓಡುತ್ತಿದೆ. ಈ ಗಾತ್ರದ ಯಂತ್ರಕ್ಕೆ ಅದರ ಅರ್ಧ, ಅಂದರೆ 800 ಮೀಟರ್ ಆಸುಪಾಸು, ಧಾರಾಳವಾಗಿ ಸಾಕು.

ವೇಗ ಎರಡು ಪಟ್ಟಾದರೆ ನಡುಕವೂ ಎರಡು ಪಟ್ಟಾಗುತ್ತದೆಂದು ತಿಳಿಯಬಾರದು. ಚಕ್ರದ ಒಂದು ಬದಿ ಇನ್ನೊಂದಕ್ಕಿಂತ ಭಾರವಾಗಿದ್ದರೆ ಅದರಿಂದ ಹುಟ್ಟುವ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂಚಿನಲ್ಲಿ ಕೇವಲ 50 ಗ್ರಾಂ ಹೆಚ್ಚುವರಿ ತೂಕವಿದೆಯೆಂದು ಇಟ್ಟುಕೊಳ್ಳಿ. ಬೇಕಾದ ಅರ್ಧ ವೇಗದಲ್ಲಿ, ಅಂದರೆ ನಿಮಿಷಕ್ಕೆ 720 ಸುತ್ತಿನಲ್ಲಿ, ಅದು ಸುಮಾರು 5 ಕಿಲೋಗ್ರಾಂ ಭಾರದಷ್ಟು ಬಲದಿಂದ ಚೌಕಟ್ಟನ್ನು ಜಗ್ಗುತ್ತದೆ. 1440 ಸುತ್ತಿನಲ್ಲಿ 20 ಕಿಲೋಗ್ರಾಂ ಭಾರದಷ್ಟು ಬಲದಿಂದ, ಅದೂ ಸೆಕೆಂಡಿಗೆ 24 ಬಾರಿ. ಹಳೆಯ ಚಕ್ರದಲ್ಲಿ ಇಷ್ಟು ಅಸಮತೋಲ ಇರುವುದು ಅಸಹಜವೇನಲ್ಲ, ಮತ್ತು ಬೇರಿಂಗ್ ಎಷ್ಟೇ ಹೊಸದಾಗಿದ್ದರೂ ಅದನ್ನು ನಿವಾರಿಸಲಾರದು.

ಈಗಿರುವ ಜೋಡಣೆಯಲ್ಲೇ 720 ಸುತ್ತು ಬೇಕೆಂದರೆ ಬ್ಯಾಂಡ್‌ಸಾಕ್ಕೆ 16 ಇಂಚಿನ ಪುಲ್ಲಿ ಬೇಕಾಗುತ್ತದೆ; ಅದು ಅನನುಕೂಲ. ನನ್ನ ಸಲಹೆಯೆಂದರೆ ರಂದದ ಶಾಫ್ಟನ್ನು ಈ ವ್ಯವಹಾರದಿಂದ ಪೂರ್ತಿ ಹೊರಗಿಡಿ. ಮೋಟಾರಿಗೆ 8 ಇಂಚು ಮತ್ತು 4 ಇಂಚಿನ ಎರಡು ಮೆಟ್ಟಿಲುಗಳಿರುವ ಒಂದೇ ಎರಕದ ಪುಲ್ಲಿ ಹಾಕಿಸಿ, 4 ಇಂಚಿನ ಮೆಟ್ಟಿಲಿನಿಂದ ನೇರವಾಗಿ ಬ್ಯಾಂಡ್‌ಸಾದ 8 ಇಂಚಿನ ಪುಲ್ಲಿಗೆ ಬೆಲ್ಟ್ ಕೊಡಿ. 720 ಸುತ್ತು ತಾನಾಗಿ ಬರುತ್ತದೆ. ಬ್ಯಾಂಡ್‌ಸಾ ಓಡಿಸುವಾಗ ರಂದದ ಬೆಲ್ಟನ್ನು ಕಳಚಿಡಿ. ಬೆಲ್ಟ್ ಬದಲಿಸುವುದು ಬೇಸರದ ಕೆಲಸ, ನಿಜ. ಆದರೆ ನಿಮ್ಮ ಇಂದಿನ ಏರ್ಪಾಡಿನಲ್ಲಿ ಒಬ್ಬರು ಬ್ಯಾಂಡ್‌ಸಾದ ಮೇಲೆ ಬಗ್ಗಿ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲೇ ರಂದದ ಬ್ಲೇಡುಗಳೂ ವೃತ್ತ ಗರಗಸವೂ 3840 ಸುತ್ತಿನಲ್ಲಿ ಯಾರ ಗಮನವೂ ಇಲ್ಲದೆ ತಿರುಗುತ್ತಿರುತ್ತವೆ. ನಡುಕಕ್ಕಿಂತ ಮೊದಲು ನನ್ನನ್ನು ಚಿಂತೆಗೀಡುಮಾಡಿದ್ದು ಅದೇ.

ವೇಗ ಸರಿಪಡಿಸಿದ ಮೇಲೂ ನಡುಕ ಉಳಿದರೆ ಅದು ಹುಟ್ಟುವ ಜಾಗವನ್ನು ಹಂತಹಂತವಾಗಿ ಹುಡುಕಬೇಕು. ಎಲ್ಲ ಬೆಲ್ಟುಗಳನ್ನೂ ತೆಗೆದು ಮೋಟಾರನ್ನು ಮಾತ್ರ ಓಡಿಸಿ ನೋಡಿ. ಆಮೇಲೆ ಬ್ಲೇಡ್ ಇಲ್ಲದೆ ಬ್ಯಾಂಡ್‌ಸಾಕ್ಕೆ ಬೆಲ್ಟ್ ಹಾಕಿ, ಬಾಗಿಲುಗಳನ್ನು ಮುಚ್ಚಿ ಓಡಿಸಿ. ಆಗ ಕೆಳಗಿನ ಚಕ್ರ ಮಾತ್ರ ತಿರುಗುತ್ತದೆ. ಕೊನೆಗೆ ಬ್ಲೇಡ್ ಹಾಕಿ ಓಡಿಸಿ. ಯಾವ ಹಂತದಲ್ಲಿ ನಡುಕ ಸೇರಿಕೊಂಡಿತೋ ದೋಷ ಅಲ್ಲಿಯೇ ಇರುತ್ತದೆ.

ಸ್ವಿಚ್ ಆರಿಸುವ ಕ್ಷಣವನ್ನೂ ಗಮನಿಸಿ. ವಿದ್ಯುತ್ ಕಡಿತವಾದೊಡನೆ ನಡುಕ ಥಟ್ಟನೆ ನಿಂತರೆ ಕಾರಣ ಮೋಟಾರಿನ ವಿದ್ಯುತ್ ಭಾಗದಲ್ಲಿದೆ; ಮೂರು ಫೇಸುಗಳಲ್ಲಿ ಒಂದು ದುರ್ಬಲವಾಗಿದ್ದರೂ ಹೀಗಾಗುತ್ತದೆ. ವೇಗ ಇಳಿದಂತೆ ನಿಧಾನವಾಗಿ ಕರಗಿದರೆ ಅದು ಅಸಮತೋಲ. ಇಳಿಯುವ ದಾರಿಯಲ್ಲಿ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ನಡುಕ ಇದ್ದಕ್ಕಿದ್ದಂತೆ ಹೆಚ್ಚಾಗಿ ಮತ್ತೆ ತಗ್ಗಿದರೆ, ಆ ವೇಗವು ಚೌಕಟ್ಟಿನ ಸ್ವಾಭಾವಿಕ ಕಂಪನಕ್ಕೆ ಹೊಂದಿಕೊಂಡಿದೆ ಎಂದರ್ಥ. ಅಂಥ ವೇಗದ ಸಮೀಪ ಯಂತ್ರವನ್ನು ಓಡಿಸಬಾರದು. ಪುಲ್ಲಿಯ ಅಳತೆಯನ್ನು ಅರ್ಧ ಇಂಚು ಬದಲಿಸುವುದು ಅಥವಾ ಸ್ಟ್ಯಾಂಡಿಗೆ ಓರೆ ಪಟ್ಟಿ ಬೆಸೆದು ಬಿಗಿಗೊಳಿಸುವುದು ಇದಕ್ಕೆ ಪರಿಹಾರ.

ಚಕ್ರಗಳ ತೂಕ ನೋಡಲು ದೊಡ್ಡ ಉಪಕರಣ ಬೇಡ. ಮೊದಲು ರಬ್ಬರ್ ಟೈರಿನ ಮೇಲೆ ಅಂಟಿಕೊಂಡ ಹೊಟ್ಟನ್ನು ಕೆರೆದು ತೆಗೆಯಿರಿ. ಹಸಿ ಬೇವು, ಮಾವು ಕೊಯ್ದ ಯಂತ್ರಗಳಲ್ಲಿ ಇದು ಗಟ್ಟಿಯಾದ ಉಬ್ಬಾಗಿ ಕುಳಿತಿರುತ್ತದೆ, ಎಷ್ಟೋ ಸಲ ಇದೊಂದೇ ಕಾರಣವಾಗಿರುತ್ತದೆ. ನಂತರ ಬೆಲ್ಟ್, ಬ್ಲೇಡ್ ಎರಡನ್ನೂ ತೆಗೆದು ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಬಿಡಿ, ನಿಂತಾಗ ಕೆಳಗಿರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಲವು ಬಾರಿ ತಿರುಗಿಸಿದರೂ ಅದೇ ಗುರುತು ಕೆಳಗೆ ಬಂದು ನಿಲ್ಲುತ್ತಿದ್ದರೆ ಆ ಬದಿ ಭಾರ. ಎದುರು ಬದಿಯ ಒಳ ಅಂಚಿಗೆ ಮೇಣದಿಂದ ಸಣ್ಣ ತೂಕ ಅಂಟಿಸುತ್ತಾ, ಚಕ್ರ ಎಲ್ಲೆಂದರಲ್ಲಿ ನಿಲ್ಲುವಂತಾದಾಗ, ಅಷ್ಟೇ ತೂಕದ ಲೋಹವನ್ನು ಭಾರದ ಬದಿಯ ಅಂಚಿನ ಹಿಂಭಾಗದಲ್ಲಿ, ಮೇಣ ಅಂಟಿಸಿದ್ದಷ್ಟೇ ದೂರದಲ್ಲಿ, ಆಳವಿಲ್ಲದ ತೂತು ಕೊರೆದು ತೆಗೆಯಿರಿ. ಮೇಣವನ್ನು ಹಾಗೆಯೇ ಬಿಟ್ಟು ಯಂತ್ರ ಚಾಲೂ ಮಾಡಬೇಡಿ. ಹೊಸ ಬೇರಿಂಗಿನ ಗ್ರೀಸ್ ಬಿಗಿಯಾಗಿದ್ದರೆ ಈ ಪರೀಕ್ಷೆ ಸುಳ್ಳು ಹೇಳುವುದುಂಟು. ಸ್ವಲ್ಪ ಹೊತ್ತು ಓಡಿಸಿ ಬೇರಿಂಗ್ ಸಡಿಲವಾದ ಮೇಲೆ ಮಾಡಿ.

ಪುಲ್ಲಿಗಳನ್ನು ಸಂಶಯದಿಂದಲೇ ನೋಡಬೇಕು. ಅಗ್ಗದ ಅಲ್ಯೂಮಿನಿಯಂ ಪುಲ್ಲಿಯ ತೂತು ಎಷ್ಟೋ ವೇಳೆ ನಡುಮಧ್ಯದಲ್ಲಿರುವುದಿಲ್ಲ, ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿದಾಗ ಅದು ಇನ್ನಷ್ಟು ಒಂದು ಬದಿಗೆ ಸರಿಯುತ್ತದೆ. ಪೆನ್ಸಿಲಿನ ತುದಿಯನ್ನು ಪುಲ್ಲಿಯ ಅಂಚಿಗೆ ತಾಗಿಯೂ ತಾಗದಂತೆ ನಿಲ್ಲಿಸಿ ಕೈಯಿಂದ ತಿರುಗಿಸಿದರೆ ಓರೆ ಕಣ್ಣಿಗೇ ಕಾಣುತ್ತದೆ. ಬೀಡು ಕಬ್ಬಿಣದ ಪುಲ್ಲಿಯನ್ನು ನಿಮ್ಮ ಶಾಫ್ಟಿನ ಅಳತೆಗೆ ಬೋರ್ ಮಾಡಿಸಿ ಕೀ (ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ತಡೆಯುವ ಲೋಹದ ತುಂಡು) ಕೂರಿಸುವುದು ಉತ್ತಮ. ಈ ಕೆಲಸಕ್ಕೆ ದೂರ ಹೋಗಬೇಕಿಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ಆರಂಭವಾಗಿ ಲೇತ್‌ಗಳನ್ನು ತಯಾರಿಸಿದ ಸೀಮೆ ನಿಮ್ಮದು. ಒಳ್ಳೆಯ ಟರ್ನರ್ ಸಿಗದಿದ್ದರೆ ಆಶ್ಚರ್ಯ. ಎರಡು ಪುಲ್ಲಿಗಳ ಮುಖ ಒಂದೇ ನೇರದಲ್ಲಿದೆಯೇ ಎಂಬುದನ್ನು ಬಿಗಿಯಾಗಿ ಹಿಡಿದ ದಾರದಿಂದ ನೋಡಿಕೊಳ್ಳಿ. ಬೆಲ್ಟ್ ಬಹುಕಾಲ ಬಿಗಿಯಾಗಿಯೇ ನಿಂತಿದ್ದರೆ ಪುಲ್ಲಿಯ ಬಾಗು ಅದರಲ್ಲಿ ಉಳಿದುಬಿಟ್ಟಿರುತ್ತದೆ, ಅಂಥದ್ದನ್ನು ಎಸೆಯಿರಿ.

ಬ್ಲೇಡಿನ ದೋಷ ಗುರುತಿಸುವುದು ಸುಲಭ. ಬೆಸುಗೆ ಉಬ್ಬಿದ್ದರೆ ಅಥವಾ ಓರೆಯಾಗಿದ್ದರೆ ಬ್ಲೇಡಿನ ಪ್ರತಿ ಸುತ್ತಿಗೊಮ್ಮೆ ಟಕ್ಕೆಂಬ ಸದ್ದು ಬರುತ್ತದೆ. ಸುಮಾರು 2.4 ಮೀಟರ್ ಉದ್ದದ ಬ್ಲೇಡಾದರೆ 720 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ ಐದಾರು ಬಾರಿ ಕೇಳಿಸುತ್ತದೆ. ಅದು ಮೇಜನ್ನು ಕುಣಿಸುವಷ್ಟು ದೊಡ್ಡ ನಡುಕವಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ನನ್ನದೂ ಇಂಥದ್ದೇ ಜೋಡಣೆ, ಆದರೆ ಬೆಲ್ಟಿಲ್ಲ. ಬಹೂಪಯೋಗಿ ಯಂತ್ರದ ನಿಧಾನ ವೇಗದ ಶಾಫ್ಟಿಗೆ ಬ್ಯಾಂಡ್‌ಸಾವನ್ನು ಕಬ್ಬಿಣದ ಕಪ್ಲಿಂಗಿನಿಂದ ನೇರ ಜೋಡಿಸಿದ್ದೇನೆ. ಹೊರೆ ಬಿದ್ದಾಗ ಗುಡುಗುತ್ತದೆ.

ಉತ್ತರ: ಎರಡು ಬೇರೆ ಬೇರೆ ಚೌಕಟ್ಟುಗಳ ಶಾಫ್ಟುಗಳನ್ನು ಗಡಸು ಕಪ್ಲಿಂಗಿನಿಂದ ಬಂಧಿಸುವುದು ಸರಿಯಲ್ಲ. ಕೂದಲೆಳೆಯಷ್ಟು ಅಂತರವಿದ್ದರೂ ಪ್ರತಿ ಸುತ್ತಿಗೂ ಶಾಫ್ಟ್ ಬಾಗಿ ನೆಟ್ಟಗಾಗುತ್ತದೆ. ನಡುವೆ ರಬ್ಬರ್ ನಕ್ಷತ್ರವಿರುವ ಜಾ ಕಪ್ಲಿಂಗ್ ಹಾಕಿ, ಆದರೂ ಶಾಫ್ಟುಗಳನ್ನು ನೇರಕ್ಕೆ ತರುವ ಶ್ರಮವನ್ನು ಬಿಡಬೇಡಿ. ರಬ್ಬರ್ ಸಣ್ಣ ತಪ್ಪನ್ನು ಮಾತ್ರ ಸಹಿಸುತ್ತದೆ.

ಪ್ರಶ್ನೆ: ಯಂತ್ರದ ಕಾಲುಗಳ ಕೆಳಗೆ ರಬ್ಬರ್ ತುಂಡು ಇಟ್ಟರೆ ಸಾಲದೇ? (ಹರಿಹರದ ಓದುಗರು)

ಉತ್ತರ: ರಬ್ಬರ್ ನಡುಕವನ್ನು ನೆಲಕ್ಕೆ ಹೋಗದಂತೆ ತಡೆಯುತ್ತದೆ, ಯಂತ್ರದೊಳಗೆ ಉಳಿಸುತ್ತದೆ. ಮೇಲಾಗಿ ಎರಡು ಯಂತ್ರಗಳ ನಡುವೆ ಬೆಲ್ಟ್ ಇರುವಾಗ ಒಂದರ ಕೆಳಗೆ ಮಾತ್ರ ರಬ್ಬರ್ ಇಟ್ಟರೆ ಬೆಲ್ಟಿನ ಎಳೆತಕ್ಕೆ ಆ ಯಂತ್ರ ವಾಲಿ ಪುಲ್ಲಿಗಳ ನೇರ ತಪ್ಪುತ್ತದೆ. ನಿಮ್ಮ ಶೆಡ್ಡು ಎರೆ ಭೂಮಿಯ ಮೇಲಿದ್ದರೆ ಇನ್ನೊಂದು ತೊಡಕಿದೆ: ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿನ ಮೇಲೆ ಹಾಸಿದ ಶಹಾಬಾದ್ ಕಲ್ಲುಗಳು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ನಾಲ್ಕು ಕಾಲುಗಳಲ್ಲಿ ಒಂದು ಗಾಳಿಯಲ್ಲಿ ತೇಲುತ್ತದೆ. ಎರಡೂ ಯಂತ್ರಗಳನ್ನು ಒಂದೇ ಕಬ್ಬಿಣದ ಚಾನೆಲ್ ಚೌಕಟ್ಟಿಗೆ ಬೋಲ್ಟ್ ಮಾಡಿ, ತೇಲುವ ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಸಮ ಮಾಡಿದ ಮೇಲೆ, ಬೇಕಿದ್ದರೆ ಇಡೀ ಚೌಕಟ್ಟಿನ ಕೆಳಗೆ ಗಟ್ಟಿ ರಬ್ಬರ್ ಹಾಸಬಹುದು.