ಪ್ರತಿಕ್ರಿಯೆ: ಚಹಾ ಹೊತ್ತಿನ ಕಲಿಕೆಗೆ ಲೆಕ್ಕ ಹೇಗೆ?

ನಿಮ್ಮ ಸರ್ವಿಸ್ ತಂಡದ ಹುಡುಗರು ಚಹಾ ಹೊತ್ತಿನಲ್ಲಿ ಒಬ್ಬರಿಂದೊಬ್ಬರು ಕಲಿಯುತ್ತಾರೆ, ಅದರಿಂದ ಕಂಪನಿಗೆ ಏನು ಲಾಭ ಎಂದು ಮ್ಯಾನೇಜರ್ ಅಂಕಿ ಕೇಳುತ್ತಿದ್ದಾರೆ ಎಂದಿರಿ. ಕಲಿಕೆಯನ್ನು ಅಳೆಯಲು ಹೋಗಬೇಡಿ. ಕೆಲಸದಲ್ಲಿ ಏನು ಬದಲಾಯಿತು ಅನ್ನೋದನ್ನು ಅಳೆಯಿರಿ.

ಜೆರಾಕ್ಸ್ ಕಂಪನಿಯ ಕಥೆ ನಿಮಗೆ ತುಂಬಾ ಹತ್ತಿರದ್ದು. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿನ ರಿಪೇರಿ ತಂತ್ರಜ್ಞರ ಜೊತೆ ಓಡಾಡಿದರು. ಮ್ಯಾನ್ಯುಯಲ್‌ನಲ್ಲಿ ಇಲ್ಲದ ಕಷ್ಟದ ದೋಷಗಳಿಗೆ ದಾರಿ ಸಿಗುತ್ತಿದ್ದದ್ದು ಊಟ, ಕಾಫಿ ಹೊತ್ತಿನ ಮಾತಿನಲ್ಲಿ. ಮುಂದೆ 1990ರ ದಶಕದಲ್ಲಿ ಅಂಥ ಉಪಾಯಗಳನ್ನು ಬರೆದಿಡಲು 'ಯುರೇಕಾ' ಎಂಬ ವ್ಯವಸ್ಥೆ ಮೊದಲು ಫ್ರಾನ್ಸ್‌ನಲ್ಲಿ ಶುರುವಾಯಿತು. ಪ್ರತಿ ಉಪಾಯದ ಜೊತೆ ಬರೆದವರ ಹೆಸರು ಇರುತ್ತಿತ್ತು. ಇದು ಸಣ್ಣ ವಿಷಯ ಅಲ್ಲ, ಉಪಾಯ ಬರೆದಿಡುವಾಗ ದಯವಿಟ್ಟು ನೀವೂ ಹೇಳಿದವರ ಹೆಸರು ಹಾಕಿ.

ನಿಮ್ಮಲ್ಲಿ ಈಗಾಗಲೇ ದಾಖಲಾಗುವ ಒಂದೇ ಅಂಕಿ ಹಿಡಿಯಿರಿ. ನನ್ನ ಆಯ್ಕೆ: ಅದೇ ದೂರಿಗೆ 30 ದಿನದೊಳಗೆ ಎರಡನೇ ಸಲ ಹೋದ ಭೇಟಿಗಳು. ಹಿಂದಿನ ಮೂರು ತಿಂಗಳದ್ದು ತೆಗೆದಿಡಿ. ಉದಾಹರಣೆಗೆ ಅದು ತಿಂಗಳಿಗೆ 40ರಿಂದ 30ಕ್ಕೆ ಇಳಿದು, ಒಂದು ಭೇಟಿಗೆ 600 ರೂಪಾಯಿ ಖರ್ಚಾದರೆ, ಉಳಿತಾಯ 6,000. ಇದರಲ್ಲಿ ಮಾತಿಗೆ ಹೋದ ಸಮಯದ ಸಂಬಳವನ್ನೂ ಕಳೆಯಿರಿ, ಇಲ್ಲದಿದ್ದರೆ ಫೈನಾನ್ಸ್‌ನವರು ನಂಬುವುದಿಲ್ಲ. ಈ ಅಭ್ಯಾಸ ಇಲ್ಲದ ಇನ್ನೊಂದು ಶಾಖೆ ಇದ್ದರೆ ಹೋಲಿಸಿ. ಅಲ್ಲೂ ಅಷ್ಟೇ ಇಳಿದಿದ್ದರೆ ಕಾರಣ ಬೇರೆ, ಅಲ್ವಾ?

ಚಹಾ ಹೊತ್ತಿನ ಮಾತಿಗೆ ಹಾಜರಿ ಪುಸ್ತಕ ಮಾತ್ರ ತರಬೇಡಿ. ತಂದರೆ ಜನ ಸುಮ್ನೆ ಸಹಿ ಹಾಕಿ ಹೋಗುತ್ತಾರೆ.