ಹನ್ನೊಂದು ಕೋರ್ಸ್, ಒಂದೂ ಮುಗಿದಿಲ್ಲ

ನನ್ನ ಹತ್ತಿರ ಸಲಹೆ ಕೇಳಲು ಬಂದ ಒಬ್ಬ ಹುಡುಗನ ಕಥೆ, ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಇಪ್ಪತ್ತು. ಕಂಪ್ಯೂಟರ್ ಸೈನ್ಸ್, ಐದನೇ ಸೆಮಿಸ್ಟರ್. ಹತ್ತನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವನು. ಮನೆಯಲ್ಲಿ ಎರಡು ಹಸು, ಸ್ವಲ್ಪ ಜಮೀನು, ಇವನ ಓದಿಗೆ ಮಾಡಿದ ಬ್ಯಾಂಕ್ ಸಾಲ. ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ (ಕಂಪ್ಯೂಟರ್‌ನಲ್ಲಿ ಮಾಹಿತಿ ಜೋಡಿಸಿಡುವ ವಿಧಾನಗಳ ವಿಷಯ) ಫೇಲಾಗಿ ಬ್ಯಾಕ್ ಉಳಿದಿತ್ತು, ಅಪ್ಪನಿಗೆ ಹೇಳಿರಲಿಲ್ಲ.

"ನಿದ್ದೆ ಬರ್ತಿಲ್ಲ ಮೇಡಂ, ನಾನು ಒಂದು ಕಲಿಯೋಷ್ಟರಲ್ಲಿ ಇನ್ನೊಂದು ಬಂದಿರುತ್ತೆ" ಅಂದ. ನೋಟ್‌ಬುಕ್ ತೆಗೆದು ತೋರಿಸಿದ. ಹನ್ನೊಂದು ಆನ್‌ಲೈನ್ ಕೋರ್ಸ್‌ಗಳ ಹೆಸರು. ಪ್ರತಿಯೊಂದರ ಕೆಳಗೆ ಮೊದಲ ಎರಡು ಪಾಠಗಳ ನೋಟ್ಸ್, ಅಂದವಾದ ಅಕ್ಷರದಲ್ಲಿ, ಆಮೇಲೆ ಬರೀ ಖಾಲಿ ಹಾಳೆ. ರಾತ್ರಿ ಮೂರರವರೆಗೆ ಫೋನ್ ಹಿಡಿದು ಯಾರು ಏನು ಕಲಿತರು, ಯಾರಿಗೆ ಕೆಲಸದ ಆಫರ್ ಬಂತು ಅಂತ ನೋಡುತ್ತಾ ಕೂರುತ್ತಿದ್ದ. ಬೆಳಿಗ್ಗೆ ಕ್ಲಾಸಿಗೆ ಚಕ್ಕರ್.

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಇಂಥದ್ದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಅಂತಲೂ ಮಾತಾಯಿತು.

ಅವನ ಭಯ ಸುಳ್ಳಲ್ಲ. "ಸುಮ್ನೆ ಟೆನ್ಶನ್ ಮಾಡ್ಕೋಬೇಡ" ಅಂತ ಎಲ್ಲರೂ ಹೇಳಿದ್ದರು, ಅದರಿಂದ ಅವನು ಇನ್ನಷ್ಟು ಒಂಟಿಯಾಗಿದ್ದ. ಹೊಸದು ಬರುವುದು ನಿಜ, ಹಳೆಯದು ಹೋಗುವುದೂ ನಿಜ. ವೆಬ್‌ಪುಟಗಳಲ್ಲಿ ಅನಿಮೇಷನ್, ಆಟ ಓಡಿಸುತ್ತಿದ್ದ ಫ್ಲ್ಯಾಶ್ ಕಲಿತವರು ಎಷ್ಟು ಜನ ಇದ್ದರು! 2020ರ ಡಿಸೆಂಬರ್ 31ಕ್ಕೆ ಅದರ ಕಥೆ ಮುಗಿಯಿತು. ಆದರೆ ಎಲ್ಲವೂ ಒಂದೇ ವೇಗದಲ್ಲಿ ಬದಲಾಗುತ್ತಾ?

ಅವನಿಗೆ ಹೆದರಿಕೆ ಹುಟ್ಟಿಸುವ ಹೆಸರುಗಳು, ಸಿಲಬಸ್‌ನಲ್ಲಿ ಇರುವ ವಿಷಯಗಳು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿದೆ. ಪಕ್ಕದಲ್ಲಿ ಅವು ಬಂದ ವರ್ಷ. ಚಾಟ್‌ಜಿಪಿಟಿ 2022. ಅದರ ಬುಡದಲ್ಲಿರುವ ಟ್ರಾನ್ಸ್‌ಫಾರ್ಮರ್ ಅನ್ನುವ ಎಐ ವಿನ್ಯಾಸ 2017. ವೆಬ್‌ಪುಟ ಕಟ್ಟಲು ಬಳಸುವ ರಿಯಾಕ್ಟ್ 2013. ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್ 2005. ಪೈಥಾನ್ ಭಾಷೆ 1991. ಸಿ ಭಾಷೆ 1972. ಡೇಟಾಬೇಸ್ ಕ್ಲಾಸಿನಲ್ಲಿ ಹೇಳಿಕೊಡುವ ರಿಲೇಷನಲ್ ಮಾದರಿಯನ್ನು (ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವುದು) ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಪ್ರಕಟಿಸಿದ್ದು 1970ರಲ್ಲಿ. ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ವಿಧಾನ 1959. ಹಾಳೆಯನ್ನು ತುಂಬಾ ಹೊತ್ತು ನೋಡಿದ. "ನಾನು ಬಿಟ್ಟಿರೋದೆಲ್ಲ ಕೆಳಗಿನವು" ಅಂದ. ಅಂದರೆ ಐವತ್ತು ವರ್ಷ ಕಳೆದರೂ ಬಳಕೆಯಲ್ಲಿರುವ ಪಾಠ ಬಿಟ್ಟು, ಮುಂದಿನ ವರ್ಷ ಇರುತ್ತೋ ಇಲ್ಲವೋ ಗೊತ್ತಿಲ್ಲದ್ದರ ಹಿಂದೆ ಓಡುತ್ತಿದ್ದ.

ಇನ್ನೊಂದು ತೊಡಕು ಭಾಷೆಯದು. ಡೇಟಾ ಸ್ಟ್ರಕ್ಚರ್ಸ್ ಪಾಠದ ಲಿಂಕ್ಡ್ ಲಿಸ್ಟ್ ಅಂದರೇನು ಅಂತ ಕೇಳಿದರೆ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದ, ಅರ್ಧದಲ್ಲೇ ತಡವರಿಸಿದ. ನಿನ್ನ ತಂಗಿಗೆ ಹೇಳು ಅಂದೆ. "ಗೊತ್ತಿಲ್ಲದ ಊರಲ್ಲಿ ಮದುವೆ ಕಾರ್ಡ್ ಹಂಚೋಕೆ ಹೋದಂಗೆ ಮೇಡಂ. ಒಂದು ಮನೆಯವ್ರು ಮುಂದಿನ ಮನೆ ಮಾತ್ರ ತೋರಿಸ್ತಾರೆ. ಐದನೇ ಮನೆಗೆ ಹೋಗ್ಬೇಕಂದ್ರೆ ನಾಲ್ಕು ಮನೆ ದಾಟ್ಲೇಬೇಕು." ನನಗೆ ಕೋಡ್ ಬರೆಯಲು ಬರುವುದಿಲ್ಲ, ಆದರೂ ಅರ್ಥವಾಯಿತು! ಇವನು ದಡ್ಡನಲ್ಲ ಅಂತ ಇವನಿಗೇ ಮೊದಲು ಗೊತ್ತಾಗಬೇಕಿತ್ತು. ಹಾಗಾಗಿ ಮೊದಲು ಕನ್ನಡದಲ್ಲಿ ಬರೆದುಕೋ, ಆಮೇಲೆ ಪರೀಕ್ಷೆಗೆ ಇಂಗ್ಲಿಷಿಗೆ ತಾ ಅಂದೆ.

ಉಳಿದ ಸಲಹೆ ದೊಡ್ಡದೇನಲ್ಲ. ಹತ್ತು ಕೋರ್ಸ್ ಬಿಡು, ಒಂದನ್ನು ಮುಗಿಸು. ಹೊಸ ಸುದ್ದಿಗೆ ಭಾನುವಾರ ಒಂದು ಗಂಟೆ ಸಾಕು. ರಾತ್ರಿ ಹನ್ನೊಂದಕ್ಕೆ ಫೋನ್ ರೂಮಿನ ಆಚೆ. ಕೋಡ್ ಕೈಕೊಟ್ಟರೆ ಅರ್ಧ ಗಂಟೆ ನೀನೇ ಒದ್ದಾಡು, ಆಮೇಲೆ ಎಐಯನ್ನು ಕೇಳು. ಮನೆಗೆ ನಿಜವಾಗಿ ಬೇಕಾದ ಒಂದು ಚಿಕ್ಕ ಪ್ರೋಗ್ರಾಂ ಮಾಡು. ಬ್ಯಾಕ್ ವಿಷಯ ಅಪ್ಪನಿಗೆ ಹೇಳು. ಇದೊಂದಕ್ಕೆ ಮೂರು ವಾರ ಹಿಡಿಯಿತು. ಅಪ್ಪ ಕೇಳಿದ್ದು "ಊಟ ಸರಿಯಾಗಿ ಮಾಡ್ತಿದೀಯಾ" ಅಂತ ಮಾತ್ರ. ಅದನ್ನು ನನಗೆ ಹೇಳುವಾಗ ಅತ್ತುಬಿಟ್ಟ.

ಐದನೇ ಸಲ ಬಂದಾಗ ಲ್ಯಾಪ್‌ಟಾಪ್ ತಂದಿದ್ದ. ಅಮ್ಮನ ಡೇರಿ ಹಾಲಿನ ಲೆಕ್ಕ ಇಡುವ ಪ್ರೋಗ್ರಾಂ. ಅಮ್ಮನ ಪುಸ್ತಕಕ್ಕೂ ಇದಕ್ಕೂ ಒಂದು ಪೈಸೆ ವ್ಯತ್ಯಾಸ ಬರುತ್ತಿತ್ತು. ಎರಡು ದಿನ ಹುಡುಕಿದ್ದನಂತೆ. ಪೈಥಾನ್‌ನಲ್ಲಿ 2.675 ಅನ್ನು ಎರಡು ದಶಾಂಶಕ್ಕೆ ಇಳಿಸಿ ತೋರಿಸಿದ. 2.68 ಬರಬೇಕಿತ್ತು, 2.67 ಬಂತು. ಅಂಥ ಸಂಖ್ಯೆಯನ್ನು ಕಂಪ್ಯೂಟರ್ ಬೈನರಿಯಲ್ಲಿ (ಬರೀ 0, 1 ಬಳಸಿ) ಪೂರ್ತಿ ಸರಿಯಾಗಿ ಇಟ್ಟುಕೊಳ್ಳಲಾರದು, ಇದನ್ನು ಒಂದು ಕೂದಲೆಳೆ ಕಡಿಮೆ ಇಟ್ಟುಕೊಳ್ಳುತ್ತದೆ ಅಂತ ವಿವರಿಸಿದ. ದಶಾಂಶಕ್ಕೇ ಅಂತ ಬೇರೆ ವ್ಯವಸ್ಥೆ ಇದೆಯಂತೆ, ಅದನ್ನು ಹಾಕಿ ನೋಡುತ್ತಾನಂತೆ. ಅರ್ಧ ಗಂಟೆ ಅದನ್ನೇ ಮಾತಾಡಿದ. ಅವತ್ತು ಆಫರ್ ಸುದ್ದಿ ಎತ್ತಲೇ ಇಲ್ಲ.