ಅಂಕೋರ್‌ಗೆ ಹೊರಡುವ ಮುನ್ನ ನೀರಿನ ಲೆಕ್ಕ

ಪ್ರಶ್ನೆ: ಕಾಂಬೋಡಿಯಾದ ಅಂಕೋರ್ ದೇವಾಲಯಗಳನ್ನು ನೋಡಲು ಯಾವ ತಿಂಗಳು ಹೋದರೆ ಒಳ್ಳೆಯದು? ಮಳೆಗಾಲ ಬೇಡವೇ ಬೇಡ ಎನ್ನುತ್ತಾರೆ.

ಉತ್ತರ: ಮಳೆಗೆ ಅಷ್ಟೊಂದು ಹೆದರಬೇಕಿಲ್ಲ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಜೋರಾಗಿ ಸುರಿದು ನಿಲ್ಲುತ್ತದೆ, ಬೆಳಗಿನ ಹೊತ್ತು ಓಡಾಡಬಹುದು. ನಿಜವಾದ ಕಷ್ಟ ಏಪ್ರಿಲ್‌ನದು. ಕಲ್ಲು ಕಾದು ಬಯಲಿನಲ್ಲಿ ನಿಲ್ಲಲಾಗುವುದಿಲ್ಲ. ಒಂದೇ ಸಲ ಹೋಗುವವರಿಗೆ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳನ್ನೇ ಹೇಳುತ್ತೇವೆ. ಆಗ ಮಳೆ ನಿಂತಿರುತ್ತದೆ, ಕೆರೆ, ಕಂದಕ, ಸರೋವರಗಳಲ್ಲಿ ನೀರು ಇನ್ನೂ ತುಂಬಿರುತ್ತದೆ. ಆ ನಾಡಿನ ಖ್ಮೇರ್ ಜನರ ಈ ಹಳೆಯ ರಾಜಧಾನಿ ನಿಂತದ್ದೇ ನೀರಿನ ಲೆಕ್ಕದ ಮೇಲೆ. ಪಶ್ಚಿಮ ಬರಾಯ್ ಎಂಬ ಕೆರೆ ಒಂದೇ ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ ಇದೆ. ನೀರು ಬತ್ತಿದ ತಿಂಗಳಲ್ಲಿ ಹೋದರೆ ಅಂಕೋರ್ ಅರ್ಧ ಮಾತ್ರ ಕಂಡಂತೆ.

ಪ್ರಶ್ನೆ: ದೇವಾಲಯಗಳ ಪ್ರವೇಶ ಪಾಸು ಎಷ್ಟು ದಿನದ್ದು ತೆಗೆದುಕೊಳ್ಳಬೇಕು?

ಉತ್ತರ: ಮೂರು ದಿನದ್ದು. 2017ರಿಂದ ದರ ಹೀಗಿದೆ: ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸನ್ನು ಸತತವಾಗಿ ಬಳಸಬೇಕಿಲ್ಲ, 10 ದಿನಗಳೊಳಗೆ ಯಾವ ಮೂರು ದಿನವಾದರೂ ಸರಿ. ದೇವಾಲಯದ ಬಾಗಿಲಲ್ಲಿ ಪಾಸು ಸಿಗುವುದಿಲ್ಲ, ಅಧಿಕೃತ ಟಿಕೆಟ್ ಕೇಂದ್ರದಲ್ಲೋ ಅಧಿಕೃತ ಜಾಲತಾಣದಲ್ಲೋ ತೆಗೆದುಕೊಳ್ಳಬೇಕು. ಪಾಸಿನ ಮೇಲೆ ನಿಮ್ಮ ಫೋಟೊ ಇರುತ್ತದೆ, ಇನ್ನೊಬ್ಬರದ್ದು ನಡೆಯದು. 12 ವರ್ಷದೊಳಗಿನ ಮಕ್ಕಳಿಗೆ ಉಚಿತ, ಆದರೆ ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಬೇಕು. ಹರಿದ, ಕಲೆಯಾದ ಡಾಲರ್ ನೋಟುಗಳನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಇನ್ನೊಂದು ಮಾತು: ಅಂಕೋರ್ ಪಕ್ಕದ ಊರಾದ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ 2023ರಲ್ಲಿ ತೆರೆಯಿತು. ಅದು ಹಳೆಯದರಂತೆ ಊರ ಪಕ್ಕದಲ್ಲಿಲ್ಲ, 40 ಕಿ.ಮೀ.ಗಿಂತ ದೂರ. ಕೊನೆಯ ದಿನ ಆ ದಾರಿಗೂ ಸಮಯ ಇಟ್ಟುಕೊಳ್ಳಿ.

ಪ್ರಶ್ನೆ: ಅಂಕೋರ್ ವಾಟ್‌ನ ಗೋಡೆಶಿಲ್ಪಗಳನ್ನು ಉಲ್ಟಾ ಸುತ್ತಿನಲ್ಲಿ ನೋಡಬೇಕಂತೆ. ಯಾಕೆ? ಸಮುದ್ರ ಮಥನ ಎಲ್ಲಿದೆ?

ಉತ್ತರ: ಹೌದು, ಅಪ್ರದಕ್ಷಿಣೆಯಾಗಿಯೇ ನೋಡಬೇಕು. 12ನೆಯ ಶತಮಾನದ ಮೊದಲರ್ಧದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ ಈ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಪಶ್ಚಿಮವೂ ಅಪ್ರದಕ್ಷಿಣೆಯೂ ಅಂತ್ಯಸಂಸ್ಕಾರಕ್ಕೆ ಸೇರಿದವು. ಹಾಗಾಗಿ ಇದು ರಾಜನ ಮರಣಾನಂತರದ ಸ್ಮಾರಕವೂ ಹೌದೆಂದು ಹಲವು ವಿದ್ವಾಂಸರ ವಾದ. ಪಶ್ಚಿಮದ ಬಾಗಿಲಿನಿಂದ ಒಳಬಂದು ಬಲಕ್ಕೆ, ಅಂದರೆ ದಕ್ಷಿಣಕ್ಕೆ ತಿರುಗಿ. ಗೋಡೆ ಸದಾ ನಿಮ್ಮ ಎಡಗಡೆ ಇರಲಿ. ಮೊದಲು ಕುರುಕ್ಷೇತ್ರ, ಶರಶಯ್ಯೆಯ ಭೀಷ್ಮನನ್ನು ಹುಡುಕಿ. ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಸೈನ್ಯದ ಮೆರವಣಿಗೆ, ಅದರಾಚೆ ಯಮನ ನ್ಯಾಯಸಭೆ, ಸ್ವರ್ಗ, ನರಕ. ಅದು ಮುಗಿದು ಪೂರ್ವಕ್ಕೆ ತಿರುಗಿದರೆ ಸಮುದ್ರ ಮಥನ.

ಇಲ್ಲಿ ಆತುರ ಬೇಡ, ಅರ್ಧ ಗಂಟೆ ಕೊಡಿ. ಶಿಲ್ಪ ಸುಮಾರು 49 ಮೀಟರ್ ಉದ್ದ. ಮೊದಲು ಸಿಗುವವರು ಅಸುರರು, 92 ಮಂದಿ. ಗುಂಡುಕಣ್ಣು, ಜುಟ್ಟಿನಂಥ ಶಿರಸ್ತ್ರಾಣ. ಆ ತುದಿಗೆ 88 ದೇವತೆಗಳು. ನಡುವೆ ವಿಷ್ಣು, ಅವನ ಕೆಳಗೆ ಕೂರ್ಮ. ಹೆಚ್ಚಿನವರು ವಿಷ್ಣುವಿನ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಕಡೆಗೋಲಿನ ಬುಡ ನೋಡಿ. ಅಲ್ಲಿ ನೀರಿನ ಸುಳಿಗೆ ಸಿಕ್ಕ ಮೀನು, ಮೊಸಳೆಗಳು ತುಂಡಾಗಿವೆ. ದೂರಕ್ಕೆ ಹೋದಂತೆ ಅವೇ ಪ್ರಾಣಿಗಳು ಆರಾಮಾಗಿ ಈಜುತ್ತಿವೆ. ಸುಳಿಯ ರಭಸವನ್ನು ಶಿಲ್ಪಿ ಮೀನಿನ ಮೈಯಲ್ಲಿ ತೋರಿಸಿದ್ದಾನೆ, ಇದಕ್ಕಿಂತ ಚೆಂದದ ಕೆಲಸ ಆ ಗೋಡೆಯಲ್ಲಿ ಇನ್ನೊಂದಿಲ್ಲ. ಪೂರ್ವದ ಗೋಡೆಯಾದ್ದರಿಂದ ಬೆಳಕು ಬೆಳಿಗ್ಗೆಯೇ ಚೆನ್ನ. ಸೂರ್ಯೋದಯ ನೋಡಿದ ಜನ ತಿಂಡಿಗೆ ಹೊರಟ ಮೇಲೆ ನೆಟ್ಟಗೆ ಇಲ್ಲಿಗೆ ಬನ್ನಿ.

ಮುಟ್ಟಬೇಡಿ. ಕೆಲವು ಕಡೆ ಕಲ್ಲು ಕಪ್ಪಗೆ ಹೊಳೆಯುವುದು ಕೈ ಸವರಿ ಸವರಿಯೇ. ಇದಕ್ಕೂ ದೊಡ್ಡ ಶತ್ರು ಸೋರುವ ನೀರು: ಅದು ತರುವ ಲವಣ ಮರಳುಗಲ್ಲಿನಲ್ಲಿ ಹರಳುಗಟ್ಟಿ, ಮೇಲ್ಪದರ ಹಕ್ಕಳೆಯಾಗಿ ಉದುರುತ್ತದೆ. ಮಥನದ ಗ್ಯಾಲರಿಗೂ ಇದೇ ಆಗುತ್ತಿತ್ತು. ಸೂರನ್ನು ದುರಸ್ತಿ ಮಾಡಿದ ಕೆಲಸ 2012ರಲ್ಲಿ ಮುಗಿಯಿತು.

ಪ್ರಶ್ನೆ: ತೋನ್ಲೆ ಸಾಪ್ ನದಿ ಹಿಂದಕ್ಕೆ ಹರಿಯುತ್ತದೆ ಎಂಬುದು ನಿಜವೇ?

ಉತ್ತರ: ನಿಜ. ತೋನ್ಲೆ ಸಾಪ್ ಸರೋವರದ ನೀರು ಅದೇ ಹೆಸರಿನ ನದಿಯಾಗಿ ಹರಿದು, ದೇಶದ ಈಗಿನ ರಾಜಧಾನಿ ನಾಮ್ ಪೆನ್ ಬಳಿ ಮೆಕಾಂಗ್ ನದಿಯನ್ನು ಸೇರುತ್ತದೆ. ಜೂನ್ ಹೊತ್ತಿಗೆ ಮೆಕಾಂಗ್ ಉಕ್ಕಿ ಅದರ ಮಟ್ಟ ಸರೋವರಕ್ಕಿಂತ ಮೇಲೇರುತ್ತದೆ. ಆಗ ನೀರು ತಗ್ಗಿನ ಕಡೆಗೆ, ಅಂದರೆ ನದಿಯಿಂದ ಸರೋವರಕ್ಕೆ ನುಗ್ಗುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇದ್ದ ಸರೋವರ ತುಂಬು ಮಳೆಯ ವರ್ಷ 15,000 ದಾಟಬಹುದು. ಮೀಟರಿನಷ್ಟಿದ್ದ ಆಳ ಎಂಟೊಂಬತ್ತಾಗುತ್ತದೆ. ಸುತ್ತಲಿನ ಕಾಡು ಮುಳುಗಿ ಮೀನುಮರಿಗಳಿಗೆ ತೊಟ್ಟಿಲಾಗುತ್ತದೆ. ಮೆಕಾಂಗ್ ಇಳಿದಾಗ ಹರಿವು ಮತ್ತೆ ತಿರುಗುತ್ತದೆ, ಆ ಹೊತ್ತಿಗೇ ನವೆಂಬರಿನ ಹುಣ್ಣಿಮೆಯ ಸುಮಾರಿಗೆ ದೋಣಿ ಪಂದ್ಯದ ಜಲೋತ್ಸವ. ಮೇಲ್ಭಾಗದ ಅಣೆಕಟ್ಟುಗಳು ಮತ್ತು ಕ್ಷೀಣ ಮಳೆಯಿಂದ ಈ ಹಿಮ್ಮುಖ ಹರಿವು ಇತ್ತೀಚಿನ ಕೆಲವು ವರ್ಷ ತೀರಾ ಸೊರಗಿತ್ತು. ಒಂದು ದೇಶದ ಮೀನಿನ ಊಟವೇ ಅದರ ಮೇಲೆ ನಿಂತಿರುವುದರಿಂದ ಇದು ದೊಡ್ಡ ಆತಂಕದ ಸಂಗತಿ.

ಸರೋವರದ ಅಂಚಿನ ಹಳ್ಳಿ ಕಂಪೊಂಗ್ ಫ್ಲುಕ್‌ನ ಎತ್ತರದ ಕಂಬದ ಮನೆಗಳು ಡಿಸೆಂಬರ್‌ನಲ್ಲಿ ನೀರಿನ ಮೇಲಿರುತ್ತವೆ, ಏಪ್ರಿಲ್‌ನಲ್ಲಿ ಒಣನೆಲದ ಮೇಲೆ. ಹೆಜ್ಜಾರ್ಲೆ, ಕೊಕ್ಕರೆ ನೋಡುವ ಆಸೆಯಿದ್ದರೆ ಪ್ರೆಕ್ ತೋಲ್ ಪಕ್ಷಿಧಾಮಕ್ಕೆ ಡಿಸೆಂಬರ್–ಫೆಬ್ರವರಿಯಲ್ಲಿ ಹೋಗಿ, ನಸುಕಿನಲ್ಲೇ ಹೊರಡಿ.

ಪ್ರಶ್ನೆ: ನದಿಯೊಳಗೆ ಕೆತ್ತಿದ ಲಿಂಗಗಳು ಎಲ್ಲಿವೆ?

ಉತ್ತರ: ಅದು ಕ್ಬಾಲ್ ಸ್ಪಿಯೆನ್, ಸಿಯೆಮ್ ರೀಪ್‌ನಿಂದ ಸುಮಾರು 50 ಕಿ.ಮೀ. ಹೊಳೆಯ ಹಾಸುಗಲ್ಲಿನಲ್ಲೇ ಸಾಲುಸಾಲು ಲಿಂಗಗಳನ್ನೂ ಶೇಷಶಾಯಿ ವಿಷ್ಣುವನ್ನೂ 11ನೆಯ ಶತಮಾನದಲ್ಲಿ ಕೆತ್ತಿದ್ದಾರೆ. ಅವುಗಳ ಮೇಲೆ ಹರಿದು ಪವಿತ್ರವಾದ ನೀರು ಕೆಳಗಿನ ಗದ್ದೆಗಳಿಗೂ ರಾಜಧಾನಿಗೂ ಇಳಿಯಲಿ ಎಂಬುದು ಉದ್ದೇಶ. ಕಾಡಿನಲ್ಲಿ ಒಂದೂವರೆ ಕಿ.ಮೀ. ಏರಬೇಕು. ಹೊಳೆ ಉಕ್ಕಿದಾಗ ಕೆತ್ತನೆ ಕಾಣದು, ಫೆಬ್ರವರಿ ದಾಟಿದರೆ ತರಗೆಲೆ ಮುಚ್ಚುತ್ತದೆ. ತೆಳುವಾಗಿ ನೀರು ಹರಿಯುವ ಡಿಸೆಂಬರ್ ಇಲ್ಲಿಗೂ ಸರಿ. ಕಾಲುದಾರಿ ಬಿಟ್ಟು ಕಾಡಿಗಿಳಿಯಬೇಡಿ, ಯುದ್ಧಕಾಲದ ನೆಲಬಾಂಬಿನ ಭಯ ಆ ಸೀಮೆಯಲ್ಲಿ ಪೂರ್ತಿ ಹೋಗಿಲ್ಲ. ಕೆಂಪು ಮರಳುಗಲ್ಲಿನ ಬಂತೇ ಸ್ರೇ ದೇವಾಲಯ ಇದೇ ದಾರಿಯಲ್ಲಿದೆ, ಎರಡಕ್ಕೂ ಒಂದೇ ದಿನ ಸಾಕು.